ಜೆರಾಕ್ಸ್ ಮಷಿನ್‌ನ ಬಿಸಿ ಮತ್ತು ಅದರ ಕಾವಲು

ಕೇಳುಗರಿಗೆ ನಮಸ್ಕಾರ.

ಹಾಸನದ ತಾಲ್ಲೂಕು ಕಚೇರಿ ಹತ್ತಿರ ಪಹಣಿಯದ್ದೋ ಆಧಾರ್ ಕಾರ್ಡಿನದ್ದೋ ಜೆರಾಕ್ಸ್ ಮಾಡಿಸಿದರೆ ಹಾಳೆ ಬೆಚ್ಚಗೆ ಕೈಗೆ ಬರುತ್ತದೆ, ಅಲ್ವಾ? ಆ ಬಿಸಿ ಫ್ಯೂಸರ್‌ನದು, ಅಂದರೆ ಅಕ್ಷರಗಳನ್ನು ಕಾಯಿಸಿ ಹಾಳೆಗೆ ಅಂಟಿಸುವ ಭಾಗದ್ದು. ಅಕ್ಷರಗಳು ಮೊದಲು ಹಾಳೆ ಮೇಲೆ ಕೂರುವುದು ಬರೀ ಪುಡಿಯಾಗಿ, ಬೆರಳಿಂದ ಒರೆಸಿದರೆ ಹೋಗುತ್ತದೆ. ಈ ಟೋನರ್ ಪುಡಿಯಲ್ಲಿ ಪ್ಲಾಸ್ಟಿಕ್ಕೇ ಜಾಸ್ತಿ. ಕಾದ ರೋಲರ್‌ಗೂ ಅದನ್ನು ಒತ್ತುವ ರಬ್ಬರ್ ರೋಲರ್‌ಗೂ ನಡುವೆ ಹಾಳೆ ನುಗ್ಗಿದಾಗ ಪುಡಿ ಕರಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ.

ಇದಕ್ಕೆ ಹೆಚ್ಚಿನ ಮಷಿನ್‌ಗಳಲ್ಲಿ 180 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಬೇಕು. ಕಡಿಮೆಯಾದರೆ ಅಕ್ಷರ ಉದುರುತ್ತದೆ. ಜಾಸ್ತಿಯಾದರೆ ಕರಗಿದ ಟೋನರ್ ರೋಲರ್‌ಗೇ ಅಂಟಿ, ರೋಲರ್ ಒಂದು ಸುತ್ತು ಬಂದಾಗ ಹಾಳೆಯ ಅದೇ ಮುಖದಲ್ಲಿ ಬೇರೆ ಜಾಗದಲ್ಲಿ ಮಸುಕಾಗಿ ಮೂಡುತ್ತದೆ.

ಅನೇಕ ಮಷಿನ್‌ಗಳಲ್ಲಿ ರೋಲರ್ ಒಳಗೆ ಹ್ಯಾಲೋಜನ್ ದೀಪ ಇರುತ್ತದೆ. ರೋಲರ್‌ನ ಬಿಸಿ ನೋಡುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಅದನ್ನು ಓದುತ್ತಾ ದೀಪವನ್ನು ಹಚ್ಚುತ್ತಾ ಆರಿಸುತ್ತಾ ಇರುತ್ತದೆ. ಥರ್ಮಿಸ್ಟರ್ ವೈರ್ ತುಂಡಾದರೆ? ಆಗ ರೆಸಿಸ್ಟೆನ್ಸ್ ವಿಪರೀತ ಜಾಸ್ತಿ ಇದ್ದಂತೆ, ಹಾಗಾಗಿ ಬೋರ್ಡ್‌ಗೆ ರೋಲರ್ ತಣ್ಣಗಿದೆ ಅಂತಲೇ ಕಾಣುತ್ತದೆ. ಸುಮ್ನೆ ದೀಪ ಉರಿಸುತ್ತಲೇ ಇದ್ದರೆ ಅನಾಹುತ. ಅದಕ್ಕೇ ಇಷ್ಟು ಹೊತ್ತಿನಲ್ಲಿ ಬಿಸಿ ಏರದಿದ್ದರೆ ಎರರ್ ತೋರಿಸಿ ನಿಲ್ಲಿಸು ಎಂಬ ಲೆಕ್ಕವನ್ನೂ ಬೋರ್ಡ್‌ನಲ್ಲಿ ಇಟ್ಟಿರುತ್ತಾರೆ. ಥರ್ಮಿಸ್ಟರ್ ಮೇಲೆ ಟೋನರ್ ಕೊಳೆ ಕಟ್ಟಿದಾಗ ಮೋಸ ಇನ್ನೂ ಸೂಕ್ಷ್ಮ. ಬಿಸಿ ಅದಕ್ಕೆ ತಡವಾಗಿ ಗೊತ್ತಾಗುತ್ತದೆ, ಅಷ್ಟರಲ್ಲಿ ರೋಲರ್ ಮಿತಿ ಮೀರಿರುತ್ತದೆ.

ಸಕಲೇಶಪುರದ ಕಡೆ ಮಳೆಗಾಲದಲ್ಲಿ "ಮಷಿನ್‌ನಿಂದ ಹೊಗೆ ಬರ್ತಿದೆ" ಅಂತ ಅಂಗಡಿಯವರು ಗಾಬರಿಯಾಗುವುದುಂಟು. ಹೆಚ್ಚಿನ ಸಲ ಅದು ಹೊಗೆಯಲ್ಲ, ತೇವ ಹೀರಿದ ಹಾಳೆಯಿಂದ ಏಳುವ ಆವಿ. ಸುಟ್ಟ ವಾಸನೆ ಇಲ್ಲದಿದ್ದರೆ ಹೊಸ ಒಣ ಬಂಡಲ್ ಬಿಚ್ಚಿ ನೋಡಿ. ಹಾಗೆಯೇ ಕವರ್‌ಗಳಂಥ ಸಣ್ಣ ಅಳತೆಯವನ್ನು ಸಾಲಾಗಿ ಹಾಕಿದಾಗ ಮಷಿನ್ ನಿಧಾನವಾದರೆ ಬೈಯಬೇಡಿ. ಕಾಗದ ತಾಗದ ರೋಲರ್ ತುದಿಗಳು ವಿಪರೀತ ಕಾಯುತ್ತವೆ, ಅವು ಆರಲಿ ಅಂತ ಅದು ತಡೆಯುತ್ತದೆ.

ಬೋರ್ಡೇ ಕೈಕೊಟ್ಟರೆ? ದೀಪಕ್ಕೆ ಹೋಗುವ ಕರೆಂಟಿನ ದಾರಿಯಲ್ಲೇ ಒಂದು ಥರ್ಮೋಸ್ಟಾಟ್ ಅಥವಾ ಥರ್ಮಲ್ ಫ್ಯೂಸ್ ಇರುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿರುವಂತೆ ಥರ್ಮೋಸ್ಟಾಟ್ ಒಳಗೂ ಎರಡು ಬೇರೆ ಲೋಹ ಬೆಸೆದ ಒಂದು ಪಟ್ಟಿ. ಅತಿಯಾಗಿ ಕಾದರೆ ಬಾಗಿ ಕರೆಂಟ್ ಕಡಿಯುತ್ತದೆ, ಯಾರ ಅಪ್ಪಣೆಗೂ ಕಾಯುವುದಿಲ್ಲ. 1959ರಲ್ಲಿ ಬಂದ ಜೆರಾಕ್ಸ್ 914 ಮಷಿನ್‌ನಲ್ಲಿ ಕಾಗದ ಹೊತ್ತಿಕೊಳ್ಳುವ ಭಯ ಎಷ್ಟಿತ್ತೆಂದರೆ, ಜೊತೆಗೇ ಬೆಂಕಿ ಆರಿಸುವ ಪುಟ್ಟ ಸಾಧನವನ್ನೂ ಕೊಡುತ್ತಿದ್ದರು!

ಈ ಥರ್ಮೋಸ್ಟಾಟ್ ಹೋದಾಗ "ಡೈರೆಕ್ಟ್ ಮಾಡಿಬಿಡಿ, ಮಧ್ಯಾಹ್ನದ ಗಿರಾಕಿ ಇದೆ" ಅನ್ನುವವರಿದ್ದಾರೆ. ವೈರ್ ಜೋಡಿಸಿದರೆ ಮಷಿನ್ ಓಡುತ್ತದೆ, ನಿಜ. ಆದರೆ ಕೊನೆಯ ಕಾವಲು ಹೋಯಿತು. ಅದು ಯಾಕೆ ಕಡಿಯಿತು ಎಂಬುದನ್ನು ಮೊದಲು ಹುಡುಕಿಸಿ. ದೀಪವನ್ನು ಹಚ್ಚಿ ಆರಿಸುವ ಟ್ರಯಾಕ್ ಶಾರ್ಟ್ ಆಗಿದೆಯೋ, ಥರ್ಮಿಸ್ಟರ್ ಮೇಲೆ ಕೊಳೆ ಕೂತಿದೆಯೋ ನೋಡಿಸಿ, ಆಮೇಲೆ ಅದೇ ಡಿಗ್ರಿಗೆ ಕಡಿಯುವ ಹೊಸ ಥರ್ಮೋಸ್ಟಾಟ್ ಹಾಕಿಸಿ. ನಮಸ್ಕಾರ.