ನಳ್ಳಿ ಮುಚ್ಚಿ ಮಾರಾಯ್ರೆ

ನಮಸ್ಕಾರ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟಿದ್ದೆ, ಅದು ಮುಂದಿನ ವಾರ. ಕಳೆದ ವಿಡಿಯೋದ ಕೆಳಗೆ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಒಬ್ಬರು ಬರೆದಿದ್ದಾರೆ: ‘ತೋಟದವರು ಗಂಟೆಗಟ್ಟಲೆ ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಬಿಡ್ತಾರೆ, ನಾನು ಹಲ್ಲುಜ್ಜುವಾಗ ನಳ್ಳಿ ಮುಚ್ಚಿದ್ರೆ ಎಂತ ಆಗ್ತದೆ?’ ಓದಿದಲ್ಲಿಂದ ನನಗೆ ತಲೆಬಿಸಿ.

ಆಗ್ತದೆ ಮಾರಾಯ್ರೆ! ನಿಮ್ಮ ಊರಲ್ಲೇ ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗ ಉಂಟಲ್ಲ, ಒಳಗೆ ಹೋಗಿ ನೋಡಿದ್ದೀರಾ? ಒಬ್ಬ ಬಗ್ಗಿ ಹೋಗುವಷ್ಟು ಜಾಗ, ಕತ್ತಲೆ, ಮುರಕಲ್ಲಿನ ಗೋಡೆಯಿಂದ ಟಪ್ ಟಪ್ ಅಂತ ಒಸರುವ ನೀರು. ಎಷ್ಟೋ ಕಡೆ ಬೆರಳು ದಪ್ಪದ ಧಾರೆಯೂ ಇಲ್ಲ. ಅದನ್ನೇ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹೊರಗೆ ತಂದು, ರಾತ್ರಿಯಿಡೀ ಕೆರೆಯಲ್ಲಿ ನಿಲ್ಲಿಸಿ, ಬೆಳಿಗ್ಗೆ ತೋಟಕ್ಕೆ ಬಿಟ್ಟ ಅಜ್ಜಂದಿರ ಮೊಮ್ಮಕ್ಕಳು ನಾವು. ನಮ್ಮ ಬಾಯಲ್ಲಿ ಆ ಮಾತು ಬರಬಾರದು. (ಸುರಂಗದ ಬಗ್ಗೆ ಒಂದು ವಿಡಿಯೋ ಮಾಡಿದ್ದೇನೆ, ನೋಡದವರು ನೋಡಿ.)

ಲೆಕ್ಕ ಬೇಕಾ? 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನ 13 ಲಕ್ಷ. ತಲೆಗೆ ದಿನಕ್ಕೆ 10 ಲೀಟರ್ ಉಳಿಸಿದರೆ 1 ಕೋಟಿ 30 ಲಕ್ಷ ಲೀಟರ್. 10,000 ಲೀಟರಿನ ಟ್ಯಾಂಕರ್ 1,300! ಒಂದೇ ದಿನಕ್ಕೆ! ಏಪ್ರಿಲಿನಲ್ಲಿ ಟ್ಯಾಂಕರ್ ಕಾದವರನ್ನು ಕೇಳಿ.

ನಮ್ಮ ಬಚ್ಚಲಿನ ನಳ್ಳಿಯ ವಾಷರ್ ಹೋಗಿತ್ತು. ರಾತ್ರಿ ಬಕೆಟ್ ಇಟ್ಟೆ, ಬೆಳಿಗ್ಗೆ ಅರ್ಧ ತುಂಬಿತ್ತು. ಆ ನೀರು ಬಸಳೆ ಬುಡಕ್ಕೆ ಹೋಯ್ತು. ಹೊಸ ವಾಷರಿಗೆ 10 ರೂಪಾಯಿ.

‘ನಮ್ಮಲ್ಲಿ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ, 12 ಹೊಳೆ’ ಅಂತೀರಿ. ಉಂಟು. ಮಳೆಗಾಲದಲ್ಲಿ ಗುಡ್ಡೆ ಇಳಿದು ಸೀದಾ ಸಮುದ್ರಕ್ಕೆ! ಬೇಸಿಗೆಯಲ್ಲಿ ಹೊಳೆ ಸೊರಗಿ, ಸಮುದ್ರದ ನೀರು ಒಳಗೆ ನುಗ್ಗಿ, ಕಾಸರಗೋಡು ಪೇಟೆಯ ನಳ್ಳಿಯಲ್ಲಿ ಉಪ್ಪುನೀರು ಬಂದದ್ದು ಮರೆತುಹೋಯ್ತಾ?

‘ನನ್ನ ಬಾವಿ, ನನ್ನ ಪಂಪು.’ ಬಾವಿ ನಿಮ್ಮದು, ಒರತೆ ಯಾರದ್ದು? ಮುರಕಲ್ಲಿನೊಳಗೆ ಬೇಲಿ ಹಾಕಿದವರುಂಟಾ? ನಮ್ಮ ಜಿಲ್ಲೆಯ ಏತಡ್ಕದಲ್ಲಿ ತೋಡಿಗೆ (ಹಳ್ಳಕ್ಕೆ) ಸಾಲು ಸಾಲಾಗಿ ಕಟ್ಟ, ಅಂದ್ರೆ ನೀರು ನಿಲ್ಲಿಸುವ ಒಡ್ಡು, ಹಾಕಿದರು, ಸುತ್ತಲಿನ ಬಾವಿಗಳಿಗೆ ನೀರು ಬಂತು. ಪ್ರತಿಯೊಬ್ಬ ‘ನನ್ನದೊಂದು ಕಟ್ಟದಿಂದ ಎಂತ ಆಗ್ತದೆ’ ಅಂತ ಕೂತಿದ್ದರೆ?

ತೋಟದವರಿಗೂ ಹೇಳುವ, ಡ್ರಿಪ್ ಹಾಕಿ ಅಂತ. ಅವರು ಚೆಲ್ಲಿದ್ರು ಅಂತ ನೀವೂ ಚೆಲ್ಲುವುದಾ? ಎಂಥಾ ಮಾತದು! ನಳ್ಳಿ ಮುಚ್ಚಿ. ಶೇವ್ ಮಾಡುವಾಗ ಮುಚ್ಚಿ, ಪಾತ್ರೆಗೆ ಸೋಪು ಹಚ್ಚುವಾಗ ಮುಚ್ಚಿ. ಮುಚ್ಚಿ ಅಂದ್ರೆ ಮುಚ್ಚಿ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮನೆಯವರ ಗ್ರೂಪಿಗೆ ಇದನ್ನು ಹಾಕಿ. ಒಂದು ನಿಮಿಷ... ಕೇಳ್ತದಾ ನಿಮಗೆ? ಆಚೆಮನೆಯ ಟ್ಯಾಂಕಿ ತುಂಬಿ ಹೊರಗೆ ಬೀಳ್ತಾ ಉಂಟು. ಪಂಪು ಆಫ್ ಮಾಡ್ಲಿಕ್ಕೆ ಹೇಳಿ ಬರ್ತೇನೆ.