ಮೊದಲ 50 ಸರದಿ: ಪಟ್ಟಿಗಿಂತ ಮೊದಲು ನೆಲವನ್ನು ನೋಡಿರಿ

ವೇದಿಕೆಯ ಮೇಲಿರುವ ಹಿರಿಯರೇ, ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಗಳಿಂದ ಬಂದಿರುವ ವಿದ್ಯಾರ್ಥಿ ಮಿತ್ರರೇ,

ನಾಳೆ ಬೆಳಿಗ್ಗೆ ಈ ಸಭಾಂಗಣದ ಪಕ್ಕದ ಪ್ರಯೋಗಾಲಯದಲ್ಲಿ ನೀವು ಊರು ಕಟ್ಟಿ ರಾಜ್ಯ ಬೆಳೆಸುವ ಸಿವಿಲೈಜೇಶನ್ 6 ಎಂಬ ಕಂಪ್ಯೂಟರ್ ಆಟದ ಸ್ಪರ್ಧೆಗೆ ಕೂಡ್ರುವವರಿದ್ದೀರಿ. 100 ಸರದಿಗೆ ಆಟ ನಿಲ್ಲಿಸಿ ಅಂಕ ಎಣಿಸುವುದೆಂದು ಸಂಘಟಕರು ನಿಯಮ ಮಾಡಿದ್ದಾರೆ. ಆದ್ದರಿಂದ ಮೊದಲ 50 ಸರದಿಗಳಲ್ಲಿ ಹಿಂದೆ ಬಿದ್ದವರಿಗೆ ಸುಧಾರಿಸಿಕೊಳ್ಳಲು ಅಷ್ಟೇ ಸರದಿಗಳು ಉಳಿಯುತ್ತವೆ. ಈ ಆಟದ ಇತಿಹಾಸವನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕರೆಸಲಾಗಿತ್ತು. 1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಇದನ್ನು ಹೇಗೆ ರೂಪಿಸಿದರು, 2010ರ ಐದನೆಯ ಆವೃತ್ತಿಯಲ್ಲಿ ನಕ್ಷೆಯನ್ನು ತುಂಬುವ ಚೌಕದ ಟೈಲ್‌ಗಳು ಹೋಗಿ ಷಟ್ಕೋನಗಳು ಏಕೆ ಬಂದವು, 2016ರಲ್ಲಿ ಬಂದ ಆರನೆಯ ಆವೃತ್ತಿ ಊರನ್ನು ನಕ್ಷೆಯ ತುಂಬ ಹೇಗೆ ಹರಡಿತು ಎಂಬುದೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ನಿನ್ನೆ ಸಂಜೆ ನಿಮ್ಮ ಅಭ್ಯಾಸದ ಆಟಗಳನ್ನು ಬೆನ್ನ ಹಿಂದೆ ನಿಂತು ನೋಡಿದ ಮೇಲೆ, ಆ ವಿಷಯವನ್ನು ಬದಿಗಿರಿಸಿ ಬೇರೊಂದು ಮಾತನ್ನು ಹೇಳಲೇಬೇಕೆಂದು ಅನ್ನಿಸಿದೆ.

ನಿನ್ನೆ ಹೆಚ್ಚಿನವರ ಕೀಬೋರ್ಡಿನ ಪಕ್ಕದಲ್ಲಿ, ಊರಿನಲ್ಲಿ ಯಾರನ್ನು ಯಾವ ಕ್ರಮದಲ್ಲಿ ತಯಾರಿಸಬೇಕೆಂದು ಹೇಳುವ ಒಂದೇ ಪಟ್ಟಿ ಇತ್ತು. ಮೊದಲು ನೆಲ ಹುಡುಕುವ ಸ್ಕೌಟ್, ಆಮೇಲೆ ಕವಣೆ ಬೀಸುವ ಸ್ಲಿಂಗರ್, ಆಮೇಲೆ ಹೊಸ ಊರು ಕೂಡಿಸುವ ಸೆಟ್ಲರ್, ಆಮೇಲೆ ಟೈಲ್ ಸುಧಾರಿಸುವ ಬಿಲ್ಡರ್. ಪಟ್ಟಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬಲ್ಲವರೇ ಮಾಡಿದ ಪಟ್ಟಿ ಅದು. ಆದರೆ ಮರುಭೂಮಿಯ ಅಂಚಿನಲ್ಲಿ ಆಟ ಆರಂಭವಾದವರೂ, ದಟ್ಟ ಕಾಡಿನ ನಡುವೆ ಇದ್ದವರೂ, ಮೂರು ದಿಕ್ಕಿಗೆ ಸಮುದ್ರವಿದ್ದವರೂ ಅದನ್ನೇ ನೋಡಿಕೊಂಡು ಆಡುತ್ತಿದ್ದರು. ಎದುರಿಗಿದ್ದ ಪರದೆಯನ್ನು ನೋಡುತ್ತಿರಲಿಲ್ಲ. ಮೊದಲು ನೆಲವನ್ನು ನೋಡಬೇಕು, ಆಮೇಲೆ ಪಟ್ಟಿಯನ್ನು ನೋಡಬೇಕು ಎಂಬುದೇ ಇಂದು ನಾನು ಹೇಳಬೇಕಾದ ಮಾತು. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರಿಸಬಾರದು.

ಮೊದಲ ಸರದಿಯಿಂದಲೇ ಆರಂಭಿಸೋಣ. ನಿಮ್ಮ ಕೈಯಲ್ಲಿ ಒಬ್ಬ ಸೆಟ್ಲರ್, ಯೋಧನಾದ ಒಬ್ಬ ವಾರಿಯರ್ ಇರುತ್ತಾರೆ. ನಿನ್ನೆ ಅನೇಕರು ನಿಂತ ಜಾಗದಲ್ಲಿಯೇ ಊರು ಕಟ್ಟಿ, ಆಮೇಲೆ ವಾರಿಯರನನ್ನು ಸರಿಸಿದರು. ಅದು ತಿರುವುಮುರುವಾಗಬೇಕು. ಮೊದಲು ವಾರಿಯರ್ ಎರಡು ಹೆಜ್ಜೆ ಹೋಗಲಿ, ಅವನಿಗೆ ಕಂಡದ್ದು ನಿಮಗೂ ಕಾಣಲಿ, ಆಮೇಲೆ ಸೆಟ್ಲರನ ವಿಷಯವನ್ನು ನಿರ್ಧರಿಸಿರಿ. ಒಂದು ಸರದಿ ವ್ಯರ್ಥವಾಗುತ್ತದೆಂಬ ಭಯದಿಂದ ಬಯಲಿನಲ್ಲಿ ಕುಳಿತುಬಿಡುವವರಿಗೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಸಾಮಾನ್ಯ ಬಯಲಿನ ರಾಜಧಾನಿಯಲ್ಲಿ ನಗರಕೇಂದ್ರದಿಂದ 1, ಅರಮನೆಯಿಂದ 2, ದುಡಿಯುವ ಒಬ್ಬನೇ ಪ್ರಜೆಯ ಟೈಲ್‌ನಿಂದ 1 ಎಂದು ಹಿಡಿದರೆ ಒಟ್ಟು ಪ್ರೊಡಕ್ಷನ್, ಅಂದರೆ ಪ್ರತಿ ಸರದಿಯ ತಯಾರಿಕೆಯ ಶಕ್ತಿ, 4 ಆಗುತ್ತದೆ. ಅದೇ ಊರನ್ನು ಪಕ್ಕದ ಪ್ಲೇನ್ಸ್ ಹಿಲ್ಸ್ ಎಂಬ ದಿಬ್ಬದ ಟೈಲ್‌ನ ಮೇಲೆ ಕೂಡಿಸಿದರೆ ಕೇಂದ್ರದಿಂದಲೇ 2 ಬಂದು ಒಟ್ಟು 5 ಆಗುತ್ತದೆ. 80 ಪ್ರೊಡಕ್ಷನ್ ಬೇಡುವ ಮೊದಲ ಸೆಟ್ಲರ್, ನಡುವಿನ ಬೆಳವಣಿಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಂದು ಕಡೆ 20 ಸರದಿಗೆ, ಇನ್ನೊಂದು ಕಡೆ 16 ಸರದಿಗೆ ಸಿದ್ಧನಾಗುತ್ತಾನೆ. ಒಂದು ಸರದಿ ಕೊಟ್ಟು ನಾಲ್ಕು ಸರದಿ ಪಡೆದಂತಾಯಿತು. ದಿಬ್ಬದ ಮೇಲಿನ ಊರಿಗೆ ರಕ್ಷಣೆಯೂ ಹೆಚ್ಚು.

ಇನ್ನು ನೀರಿನ ಮಾತು. ಮಲಪ್ರಭೆಯ ನೀರನ್ನು ಸವದತ್ತಿಯ ಕಡೆಯಿಂದ ಕೊಳವೆಯಲ್ಲಿ ತಂದುಕೊಂಡು, ನಲ್ಲಿ ಬರುವ ದಿನಕ್ಕಾಗಿ ಕೊಡಗಳನ್ನು ತೊಳೆದಿಟ್ಟುಕೊಳ್ಳುವ ನಮ್ಮ ಅವಳಿನಗರದ ಜನರಿಗೆ ನದಿಯಿಂದ ದೂರದ ಊರಿನ ಕಷ್ಟವನ್ನು ವಿವರಿಸಬೇಕಾಗಿಲ್ಲ. ಆಟದಲ್ಲಿಯೂ ಆ ಕಷ್ಟ ಹಾಗೆಯೇ ಇದೆ. ಸಿಹಿನೀರಿನ ಪಕ್ಕದ ಊರಿಗೆ ಹೌಸಿಂಗ್, ಅಂದರೆ ಜನ ವಾಸಿಸುವ ಅನುಕೂಲ, 5, ಬರೀ ಸಮುದ್ರವಿದ್ದರೆ 3, ಏನೂ ಇಲ್ಲದಿದ್ದರೆ 2. ಹೌಸಿಂಗ್‌ಗಿಂತ ಜನಸಂಖ್ಯೆ ಒಂದೇ ಕಡಿಮೆ ಇರುವಾಗ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ, ಎರಡೂ ಸಮವಾದಾಗ ಕಾಲುಭಾಗಕ್ಕೆ ಇಳಿಯುತ್ತದೆ. ಅಂದರೆ ನೀರಿಲ್ಲದಲ್ಲಿ ಕೂಡಿಸಿದ ನಿಮ್ಮ ಎರಡನೆಯ ಊರು ಹುಟ್ಟಿದ ಸರದಿಯಲ್ಲಿಯೇ, ಒಬ್ಬನೇ ಪ್ರಜೆ ಇರುವಾಗಲೇ, ಅರ್ಧ ವೇಗದಲ್ಲಿ ಬೆಳೆಯುತ್ತಿರುತ್ತದೆ. ನದಿಯ ದಂಡೆಯ ಊರು ನಾಲ್ವರಾಗುವವರೆಗೆ ಪೂರ್ಣ ವೇಗದಲ್ಲಿ ಬೆಳೆಯುತ್ತದೆ. ಅಕ್ವೆಡಕ್ಟ್ ಎಂಬ ನೀರಿನ ಕಾಲುವೆ ಕಟ್ಟಿ ಇದನ್ನು ಸರಿಪಡಿಸಬಹುದು, ಆದರೆ ಅದಕ್ಕೆ ಆಟದಲ್ಲಿ ಎಂಜಿನಿಯರಿಂಗ್ ಎಂಬ ವಿದ್ಯೆಯನ್ನು ಸಂಶೋಧಿಸಿರಬೇಕು, ಅಷ್ಟರಲ್ಲಿ ನಿಮ್ಮ 50 ಸರದಿಗಳು ಮುಗಿದಿರುತ್ತವೆ. ಭಾರತವನ್ನು ಆಯ್ದುಕೊಂಡವರಿಗೆ ಮಾತ್ರ ಸ್ಟೆಪ್‌ವೆಲ್ ಎಂಬ ಅನುಕೂಲವಿದೆ. ಆಹಾರವನ್ನೂ ಹೌಸಿಂಗನ್ನೂ ಹೆಚ್ಚಿಸುವ ಮೆಟ್ಟಿಲುಬಾವಿ ಅದು. ಲಕ್ಕುಂಡಿಯ ಬಾವಿಗಳನ್ನು ನೋಡಿ ಬೆಳೆದ ಗದಗಿನ ಗೆಳೆಯರು ಅದನ್ನು ಕಟ್ಟದೆ ಆಟ ಮುಗಿಸಬಾರದೆಂದು ನನ್ನ ಆಸೆ. ಸೆಟ್ಲರನನ್ನು ಒತ್ತಿದಾಗ ಕಡು ಹಸಿರಾಗಿ ಕಾಣುವ ಟೈಲ್‌ಗಳು ಸಿಹಿನೀರಿನವು, ತಿಳಿ ಹಸಿರಿನವು ಕರಾವಳಿಯವು. ಆಟವೇ ಬಣ್ಣ ಹಚ್ಚಿ ತೋರಿಸುತ್ತಿರುವಾಗ ನಾವು ಪಟ್ಟಿಯಲ್ಲಿ ಹುಡುಕುವುದೇಕೆ?

ನೆಲವನ್ನು ನೋಡಿ ಆಡುವುದು ಎಂದರೇನು ಎಂಬುದನ್ನು ನಾನು ಅತ್ಯಂತ ಸ್ಪಷ್ಟವಾಗಿ ಕಂಡದ್ದು ನಮ್ಮ ಅಣ್ಣನ ಮಗಳ ಆಟದಲ್ಲಿ. ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವಳು ಇದನ್ನು ಕಲಿತಳು. ಈ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಾಳೆ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಇದು ಎದುರಾಗುತ್ತದೆ. ಅವಳ ರಾಜಧಾನಿಯ ಬಳಿಗೆ ಕಾಡುಜನರ, ಅಂದರೆ ಯಾವ ರಾಜ್ಯಕ್ಕೂ ಸೇರದ ದಾಳಿಕೋರರ, ಒಬ್ಬ ಸ್ಕೌಟ್ ಬಂದ. ಊರನ್ನು ಕಂಡೊಡನೆ ಅವನ ತಲೆಯ ಮೇಲೆ ಕೆಂಪು ಆಶ್ಚರ್ಯಸೂಚಕ ಚಿಹ್ನೆ ಮೂಡಿತು. ಆ ಚಿಹ್ನೆ ಹೊತ್ತು ಅವನು ತನ್ನ ಶಿಬಿರವನ್ನು ಮುಟ್ಟಿದರೆ ಅಲ್ಲಿಂದ ದಂಡು ಹೊರಟು ಬರುತ್ತದೆ, ಮುಟ್ಟದಿದ್ದರೆ ಬರುವುದಿಲ್ಲ. ಎಲ್ಲರೂ ಮಾಡುವಂತೆ ಅವಳೂ ವಾರಿಯರನನ್ನು ಬೆನ್ನಟ್ಟಿಸಿದಳು. ಸ್ಕೌಟ್‌ಗೆ ಒಂದು ಸರದಿಗೆ 3 ಹೆಜ್ಜೆ, ವಾರಿಯರನಿಗೆ 2. ನಡುವೆ ಗುಡ್ಡವೋ ಕಾಡೋ ಬಂದರೆ ಆ ಎರಡೂ ಒಂದೇ ಟೈಲ್‌ಗೆ ಮುಗಿದುಹೋಗುತ್ತವೆ. ಎರಡು ಸರದಿಗಳಲ್ಲಿ ಅಂತರ ಬೆಳೆಯಿತೇ ಹೊರತು ಕಡಿಮೆಯಾಗಲಿಲ್ಲ. ಮೂರನೆಯ ಸರದಿಯಲ್ಲಿ ಅವಳು ಮೌಸಿನಿಂದ ಕೈ ತೆಗೆದು ನಕ್ಷೆಯನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದಳು. ಆಮೇಲೆ ಹೇಳಿದಳು: "ಕಾಕಾ, ಇಂವಾ ನನ್ನ ಅಂಜಿ ಓಡಾಕತ್ತಿಲ್ಲ, ಮನೀಗೆ ಹೊಂಟಾನ."

ಆ ಒಂದು ಮಾತಿನಿಂದ ಅವಳ ಆಟವೇ ಬದಲಾಯಿತು. ಅವನು ಬಂದ ದಿಕ್ಕು ಉತ್ತರ. ಉತ್ತರಕ್ಕೆ ಒಂದು ಕಡೆ ಪರ್ವತದ ಸಾಲು, ಇನ್ನೊಂದು ಕಡೆ ಸಮುದ್ರ, ನಡುವೆ ಎರಡೇ ಟೈಲ್‌ಗಳ ದಾರಿ. ಸ್ಕೌಟ್ ಆಗ ಊರಿನ ಪಶ್ಚಿಮಕ್ಕೆ ಸುತ್ತು ಹಾಕುತ್ತಿದ್ದ. ಬೆನ್ನಟ್ಟುವುದನ್ನು ಬಿಟ್ಟು ಅವಳು ವಾರಿಯರನನ್ನು ನೇರವಾಗಿ ಆ ದಾರಿಗೆ ಕಳಿಸಿದಳು, ಆಗಷ್ಟೇ ಸಿದ್ಧನಾಗಿದ್ದ ಸ್ಲಿಂಗರನನ್ನು ಪಕ್ಕದ ಟೈಲ್‌ನಲ್ಲಿ ನಿಲ್ಲಿಸಿದಳು. ಒಂದು ಟೈಲ್‌ನಲ್ಲಿ ಒಂದೇ ಪಡೆ ನಿಲ್ಲಬಹುದಾದ್ದರಿಂದ ದಾರಿ ಮುಚ್ಚಿಹೋಯಿತು. ಸ್ಕೌಟ್ ತಾನಾಗಿಯೇ ಅವಳ ಕೈಗೆ ಬಂದ. ಆಗಲೂ ಅವಸರಪಡದೆ, ವಾರಿಯರನಿಂದ ಹೊಡೆಸಿ ಅವನನ್ನು ಮುಗಿಸಿಬಿಡುವ ಬದಲು ಬಲ ತಗ್ಗಿಸಿ, ಕೊನೆಯ ಪೆಟ್ಟನ್ನು ಸ್ಲಿಂಗರನಿಂದ ಹಾಕಿಸಿದಳು. ಸ್ಲಿಂಗರ್ ಒಂದು ಪಡೆಯನ್ನು ಕೊಂದರೆ ಬಿಲ್ಲುವಿದ್ಯೆಯಾದ ಆರ್ಚರಿಯ ಸಂಶೋಧನೆಯನ್ನು ಚುರುಕುಗೊಳಿಸುವ ಯುರೇಕಾ ದೊರೆಯುತ್ತದೆಂಬುದನ್ನು ಅವಳು ಮರೆತಿರಲಿಲ್ಲ. ಮೂಲ ಆಟದಲ್ಲಿ ಯುರೇಕಾದಿಂದ ಅರ್ಧ ಸಂಶೋಧನೆ ಉಳಿಯುತ್ತಿತ್ತು, 2018ರ ರೈಸ್ ಅಂಡ್ ಫಾಲ್ ವಿಸ್ತರಣೆಯ ನಂತರ ಶೇಕಡಾ 40 ಉಳಿಯುತ್ತದೆ. ಅವಳ ಪಟ್ಟಿಯಲ್ಲಿಯೂ ನಿಮ್ಮ ಪಟ್ಟಿಯಲ್ಲಿರುವಂತೆ ಸ್ಲಿಂಗರ್ ಇದ್ದ. ಆದರೆ ಅವನು ಯಾವ ಟೈಲ್‌ನಲ್ಲಿ, ಯಾವ ಸರದಿಯಲ್ಲಿ ನಿಲ್ಲಬೇಕೆಂಬುದನ್ನು ತಿಳಿಸಿದ್ದು ಆ ಪರ್ವತ ಮತ್ತು ಆ ಸಮುದ್ರ.

ಈಗ ಅದ್ಭುತಗಳ, ಅಂದರೆ ಇಡೀ ಆಟದಲ್ಲಿ ಒಬ್ಬರು ಮಾತ್ರ ಕಟ್ಟಬಹುದಾದ ಮಹಾಕಟ್ಟಡಗಳ ವಿಷಯ. ನಿನ್ನೆ ಹಾವೇರಿಯ ವಿದ್ಯಾರ್ಥಿಯೊಬ್ಬರು ಒಂದೇ ಊರು ಇಟ್ಟುಕೊಂಡು ಸ್ಟೋನ್‌ಹೆಂಜ್ ಕಟ್ಟುತ್ತಿದ್ದರು. ಸೆಟ್ಲರ್ ಎಲ್ಲಿ ಎಂದು ಕೇಳಿದೆ. "ಸರ, ನಾ ಬಿಟ್ಟರ ಬ್ಯಾರೆಯವರು ಕಟ್ಟಿಬಿಡ್ತಾರಲ್ಲ್ರೀ" ಎಂದರು. ಕಟ್ಟಿಕೊಳ್ಳಲಿ ಬಿಡಪಾ ಎಂದೆ, ಸುತ್ತಲಿದ್ದವರು ನಕ್ಕರು. ಆದರೆ ಆ ಪ್ರಶ್ನೆ ಗಂಭೀರವಾದದ್ದೇ. ಸ್ಟೋನ್‌ಹೆಂಜ್‌ಗೆ 180 ಪ್ರೊಡಕ್ಷನ್ ಬೇಕು. ಸೆಟ್ಲರನ ಬೆಲೆ ಒಬ್ಬರಾದ ಮೇಲೆ ಒಬ್ಬರಿಗೆ ಏರುತ್ತ ಹೋಗುವುದಾದರೂ, ಆ 180ರಲ್ಲಿ ಹೆಚ್ಚು ಕಡಿಮೆ ಇಬ್ಬರು ಸೆಟ್ಲರ್‌ಗಳು ಬರುತ್ತಾರೆ. ಪಕ್ಕದವನು ಅದ್ಭುತವನ್ನು ಕಟ್ಟಿದರೆ ನಿಮಗೆ ಒಂದು ಕಟ್ಟಡ ತಪ್ಪುತ್ತದೆ. ಪಕ್ಕದವನು ನದಿಯ ತಿರುವಿನಲ್ಲಿ ಊರು ಕೂಡಿಸಿದರೆ ನಿಮಗೆ ಆ ನದಿಯೇ ತಪ್ಪುತ್ತದೆ, ಮತ್ತೆ ಅದನ್ನು ಪಡೆಯಲು ಯುದ್ಧವೇ ಆಗಬೇಕು. ಅತಿ ಕಠಿಣವಾದ ಡೀಟಿ ಹಂತದಲ್ಲಿ ಕಂಪ್ಯೂಟರ್ ಎದುರಾಳಿಗಳು ಆರಂಭದಲ್ಲಿಯೇ ಮೂವರು ಸೆಟ್ಲರ್‌ಗಳನ್ನು ಪಡೆದಿರುತ್ತಾರೆ. ಎದುರಾಳಿಗೆ ಉಡುಗೊರೆಯಾಗಿ ಏನನ್ನು ಕೊಟ್ಟರೆ ಆಟ ಕಠಿಣವಾಗುತ್ತದೆ ಎಂದು ಆಟವನ್ನು ಮಾಡಿದವರು ಯೋಚಿಸಿದಾಗ ಅವರು ಸೆಟ್ಲರನನ್ನೂ ಆರಿಸಿಕೊಂಡಿದ್ದಾರೆ ಎಂಬುದನ್ನು ಗಮನಿಸಿರಿ.

ಇಲ್ಲಿಯೂ ನೆಲವೇ ಮೊದಲು. ನೀವು ಈಜಿಪ್ಟ್ ಆಡುತ್ತಿದ್ದರೆ ನದಿಯ ಪಕ್ಕದಲ್ಲಿ ಅದ್ಭುತ ಕಟ್ಟಲು ಶೇಕಡಾ 15 ಹೆಚ್ಚಿನ ವೇಗವಿದೆ. ಚೀನಾದ ಚಿನ್ ಶಿ ಹುವಾಂಗ್ ಆಡುತ್ತಿದ್ದರೆ ಪ್ರಾಚೀನ ಅದ್ಭುತಗಳಿಗೆ ಬಿಲ್ಡರ್‌ಗಳನ್ನೇ ದುಡಿಸಬಹುದು. ಆಗ ಲೆಕ್ಕ ಬೇರೆಯಾಗುತ್ತದೆ. ಅದೇ ರೀತಿ ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವಾಗ ಮೊಬೈಲಿನಲ್ಲಿ ಅನ್‌ಸಿವ್ ಆಡುವವರು ನಾನು ಹೇಳಿದ್ದನ್ನು ಅಲ್ಲಿ ಹಾಗೆಯೇ ಅನ್ವಯಿಸಬಾರದು. ಉಚಿತವಾಗಿ ದೊರೆಯುವ ಆ ಆಟವು ಐದನೆಯ ಆವೃತ್ತಿಯ ಮಾದರಿಯದು. ಅಲ್ಲಿ ಪ್ರತಿ ಹೊಸ ಊರೂ ಇಡೀ ರಾಜ್ಯದ ಸಂತೋಷವನ್ನು ತಗ್ಗಿಸುತ್ತದೆ, ಆದ್ದರಿಂದ ಕೆಲವೇ ಊರುಗಳನ್ನು ಚೆನ್ನಾಗಿ ಬೆಳೆಸುವುದು ಜಾಣತನ. ನಿನ್ನೆಯ ಪಟ್ಟಿಗಳಲ್ಲಿ ಎರಡು ಮೂರು ಐದನೆಯ ಆವೃತ್ತಿಯ ಆಟಗಾರರಿಗಾಗಿ ಮಾಡಿದವೆಂದು ನನಗೆ ಕಂಡಿತು. ನೆಲ ಮಾತ್ರವಲ್ಲ, ಆಟವೇ ಬೇರೆಯಾದರೂ ಪಟ್ಟಿ ಮಾತ್ರ ಬದಲಾಗಿರಲಿಲ್ಲ.

ಸಮಯ ಮುಗಿಯುತ್ತ ಬಂತೆಂದು ಚೀಟಿ ಬಂದಿದೆ. ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಸ್ಕೌಟ್ ಏಕೆ ಮೊದಲು ಎಂದರೆ, ನಗರರಾಜ್ಯವೊಂದನ್ನು ಎಲ್ಲರಿಗಿಂತ ಮೊದಲು ಭೇಟಿಯಾದವರಿಗೆ ಒಬ್ಬ ದೂತ ಉಚಿತವಾಗಿ ಸಿಗುತ್ತಾನೆ. ಅದು ವಿಜ್ಞಾನದ ನಗರರಾಜ್ಯವಾಗಿದ್ದರೆ ರಾಜಧಾನಿಗೆ 2 ವಿಜ್ಞಾನ ಸೇರುತ್ತದೆ. ಅರಮನೆ ಕೊಡುವುದೇ 2 ಎಂಬುದನ್ನು ನೆನಪಿಸಿಕೊಂಡರೆ ಅದರ ಬೆಲೆ ತಿಳಿಯುತ್ತದೆ. ಆದರೆ ಚಿಕ್ಕ ದ್ವೀಪದಲ್ಲಿ ಆಟ ಆರಂಭವಾಗಿದ್ದರೆ ಎರಡನೆಯ ಸ್ಕೌಟ್ ಬೇಡ. ಮೊದಲ ಬಿಲ್ಡರನಿಗೆ ಮೂರು ಕೆಲಸ ಮಾಡುವ ಶಕ್ತಿ ಇರುತ್ತದೆ, ಮೂರು ಟೈಲ್ ಸುಧಾರಿಸಿದರೆ ನಾಗರಿಕ ವಿದ್ಯೆಗಳಲ್ಲೊಂದಾದ ಕ್ರಾಫ್ಟ್ಸ್‌ಮನ್‌ಶಿಪ್‌ಗೆ ಯುರೇಕಾದಂಥದೇ ಪ್ರೇರಣೆ ಸಿಗುತ್ತದೆ. ಎರಡು ಮಾಡಿ ಮೂರನೆಯದನ್ನು ಉಳಿಸಿಕೊಂಡು ಕೂಡ್ರಬೇಡಿರಿ. ಒಟ್ಟು ಜನಸಂಖ್ಯೆ 6 ಆದರೆ ಅಂಥದೇ ಇನ್ನೊಂದು ವಿದ್ಯೆಯಾದ ಅರ್ಲಿ ಎಂಪೈರ್‌ಗೆ ಪ್ರೇರಣೆ ಸಿಗುತ್ತದೆ, ಅದರಿಂದ ಬರುವ ಕಾಲೊನೈಸೇಶನ್ ಎಂಬ ನೀತಿಯ ಕಾರ್ಡ್ ಸೆಟ್ಲರ್‌ಗಳ ತಯಾರಿಕೆಯನ್ನು ಶೇಕಡಾ 50 ಚುರುಕುಗೊಳಿಸುತ್ತದೆ. ಆ ಕಾರ್ಡ್ ಇರುವಾಗ ಒಬ್ಬನನ್ನು ಮಾಡಿ ನಿಲ್ಲಿಸದೆ ಸಾಲಾಗಿ ಮಾಡಿರಿ. ಡಿಸ್ಟ್ರಿಕ್ಟ್‌ಗಳ, ಅಂದರೆ ನಗರಕೇಂದ್ರದ ಹೊರಗೆ ಒಂದೊಂದು ಕೆಲಸಕ್ಕೆಂದು ಕಟ್ಟುವ ಬಡಾವಣೆಗಳ, ಬೆಲೆ ನಿಮ್ಮ ಜ್ಞಾನ ಬೆಳೆದಂತೆ ಏರುತ್ತದೆ, ಆದರೆ ಜಾಗ ಗುರುತಿಸಿದ ಕ್ಷಣದಲ್ಲಿ ನಿಂತುಬಿಡುತ್ತದೆ. ಕಟ್ಟುವುದು ತಡವಾದರೂ ಪರ್ವತಗಳ ಪಕ್ಕದ ಟೈಲ್‌ನಲ್ಲಿ ವಿಜ್ಞಾನದ ಬಡಾವಣೆಯಾದ ಕ್ಯಾಂಪಸ್ಸನ್ನು ಬೇಗ ಗುರುತಿಸಿಡಿರಿ. ಪ್ರತಿ ಸಲ ಊರು ಬೆಳೆದಾಗ ಹೊಸ ಪ್ರಜೆಯನ್ನು ಆಟ ಯಾವ ಟೈಲ್‌ನಲ್ಲಿ ದುಡಿಯಲು ಹಚ್ಚಿದೆ ಎಂದು ತೆರೆದು ನೋಡಿರಿ. ಲಾಯಲ್ಟಿಯ, ಅಂದರೆ ಊರಿನ ನಿಷ್ಠೆಯ, ಬಗೆಗೂ ಹೇಳಬೇಕಿತ್ತು. ಹೊಸ ಊರನ್ನು ಎದುರಾಳಿಯ ಮಗ್ಗುಲಲ್ಲಿ ಒಂಟಿಯಾಗಿ ಬಿಡಬೇಡಿರಿ ಎಂಬುದಷ್ಟನ್ನು ಹೇಳಿ ಬಿಡುತ್ತೇನೆ.

ಇನ್ನು ಹತ್ತು ನಿಮಿಷ ಕೊಡುವುದಾಗಿ ಸಂಘಟಕರು ಒಪ್ಪಿದ್ದಾರೆ. ಪರದೆಯ ಮೇಲೆ ಒಂದು ಹೊಸ ನಕ್ಷೆ ತೆರೆದಿದೆ. ಸೆಟ್ಲರ್ ಹುಲ್ಲುಗಾವಲಿನಲ್ಲಿ ನಿಂತಿದ್ದಾನೆ, ಎಡಕ್ಕೆ ನದಿ ಇದೆ, ಮೇಲೆ ದಿಬ್ಬ ಕಾಣುತ್ತಿದೆ. ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಳ್ಳಿರಿ. ವಾರಿಯರನನ್ನು ಯಾವ ಕಡೆಗೆ ಕಳಿಸಬೇಕು, ಏಕೆ ಎಂಬುದನ್ನು ಹಿಂದಿನ ಸಾಲಿನವರಿಂದ ಆರಂಭಿಸಿ ಒಬ್ಬೊಬ್ಬರಾಗಿ ಹೇಳಿರಿ.