ಕಿಡಿ ಹೊತ್ತದಂತೆ ಹರಿವನ್ನು ಅಳೆಯುವುದು

ಕೇಳುಗರೆಲ್ಲರಿಗೂ ನಮಸ್ಕಾರ.

1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನಿಡ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 439 ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕಾರಣ ಖಚಿತವಾಗಲಿಲ್ಲ. ಶಂಕೆ ಬಿದ್ದದ್ದು ಬ್ಯಾಟರಿಯಿಂದ ನಡೆಯುವ ಸಂಕೇತದ ಗಂಟೆಯ ಮೇಲೆ. ಅಷ್ಟು ಕಡಿಮೆ ವೋಲ್ಟೇಜು ಏನು ಮಾಡೀತು ಎನಿಸಬಹುದು. ಆದರೆ ಗಂಟೆಯೊಳಗಿನ ತಂತಿ ಸುರುಳಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ; ಸಂಪರ್ಕ ಕಡಿದೊಡನೆ ಅದನ್ನು ಕಿಡಿಯಾಗಿ ಉಗುಳುತ್ತದೆ.

ತೈಲ, ಅನಿಲಗಳ ಹರಿವನ್ನು ಅಳೆಯುವ ಅನೇಕ ಮಾಪಕಗಳಲ್ಲಿಯೂ ಇಂಥದೇ ಸುರುಳಿ ಇದೆ. ಟರ್ಬೈನ್ ಮಾಪಕದಲ್ಲಿ ತಿರುಗುವ ಅಲಗುಗಳನ್ನು ಎಣಿಸುವುದು ಸುರುಳಿ. ಕಂಪಿಸುವ ಕೊಳವೆಗಳಿಂದ ಹರಿವನ್ನು ಅಳೆಯುವ ಕೊರಿಯೊಲಿಸ್ ಮಾಪಕದಲ್ಲಿ ಆ ಕೊಳವೆಗಳು ಕಂಪಿಸುವಂತೆ ಮಾಡುವುದೂ ಸುರುಳಿಯೇ. ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟು ಮೀಥೇನ್ ಬೆರೆತಿದ್ದರೆ ಸುಮಾರು 0.28 ಮಿಲಿಜೂಲ್ ಶಕ್ತಿಯ ಕಿಡಿ ಅದನ್ನು ಹೊತ್ತಿಸಲು ಸಾಕು. ಹೈಡ್ರೋಜನ್‌ಗೆ ಅದರ ಹತ್ತನೆಯ ಒಂದು ಪಾಲೂ ಬೇಡ.

ಸ್ಫೋಟವನ್ನು ತನ್ನೊಳಗೇ ತಡೆದುಕೊಳ್ಳುವ ದಪ್ಪ ಲೋಹದ ಪೆಟ್ಟಿಗೆ ಒಂದು ದಾರಿ. ಮೋಟಾರಿಗೆ ಅದು ಸರಿ. ಆದರೆ ಅದರ ಭದ್ರತೆ ಮುಚ್ಚಳದ ಬೋಲ್ಟುಗಳ ಬಿಗಿಯನ್ನು ನಂಬಿದೆ. ಸಂವೇದಕಕ್ಕೆ ನಾನು ಒಪ್ಪುವುದು ಇನ್ನೊಂದು ದಾರಿ: ಹೊತ್ತಿಸುವಷ್ಟು ಶಕ್ತಿ ಅಲ್ಲಿಗೆ ತಲುಪದಂತೆಯೇ ನೋಡಿಕೊಳ್ಳುವುದು. ಸುರಕ್ಷಿತ ಕೋಣೆಯಲ್ಲಿ ವೋಲ್ಟೇಜು ಮಿತಿ ಮೀರದಂತೆ ತಡೆಯುವ ಝೀನರ್ ಡಯೋಡು, ವಿದ್ಯುತ್ ಪ್ರವಾಹವನ್ನು ತಗ್ಗಿಸುವ ರೆಸಿಸ್ಟರು, ಫ್ಯೂಸುಗಳ ತಡೆಯೊಂದು ಕೂರುತ್ತದೆ. ಸಾಮಾನ್ಯವಾಗಿ ಅದರ ಮಿತಿ 28 ವೋಲ್ಟ್, 93 ಮಿಲಿಆಂಪಿಯರ್. ವಿನ್ಯಾಸಕಾರನ ಪಾಲಿಗೆ ಉಳಿಯುವುದು ಅದಕ್ಕಿಂತ ತೀರ ಕಡಿಮೆ. ವಿದ್ಯುತ್ತೂ ಸಂಕೇತವೂ ಅವೇ ಎರಡು ತಂತಿಗಳಲ್ಲಿ ಸಾಗುವ ಮಾಪಕದಲ್ಲಿ ಹರಿವು ಶೂನ್ಯವಿದ್ದಾಗಿನ ಸಂಕೇತ 4 ಮಿಲಿಆಂಪಿಯರ್. ಇಡೀ ವಿದ್ಯುನ್ಮಂಡಲ ಅಷ್ಟರಲ್ಲೇ ಬದುಕಬೇಕು. ಈ ಕಟ್ಟುನಿಟ್ಟಿನ ಮಿತವ್ಯಯ ನನಗೆ ಬಹಳ ಪ್ರಿಯವಾದದ್ದು.

ತಡೆ ಇದ್ದರೂ ಶಕ್ತಿ ಮೂಲೆಗಳಲ್ಲಿ ಅಡಗಿ ಕೂರುತ್ತದೆ. ಕೆಪಾಸಿಟರು ಅದನ್ನು ಕೂಡಿಡುತ್ತದೆ, ಉದ್ದನೆಯ ಕೇಬಲ್ ಕೂಡ. ಬಿಸಿ ತಂತಿಯಿಂದ ಅಳೆಯುವ ಮಾಪಕದಲ್ಲಿ ಕಿಡಿಯಿಲ್ಲದೆ ಶಾಖವೇ ಹೊತ್ತಿಸಬಲ್ಲದು. ಉಪಕರಣಗಳನ್ನು ಮೇಲ್ಮೈಯ ಗರಿಷ್ಠ ಬಿಸಿಯ ಪ್ರಕಾರ ವಿಂಗಡಿಸುತ್ತಾರೆ; ಟಿ4 ವರ್ಗದ ಉಪಕರಣದ ಮೇಲ್ಮೈ 135 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಸುಳಿಗಳನ್ನು ಎಣಿಸುವ ವೋರ್ಟೆಕ್ಸ್ ಮಾಪಕದ ಪೀಜೋ ಹರಳಂತೂ ಪೆಟ್ಟು ಬಿದ್ದರೆ ತಾನೇ ವೋಲ್ಟೇಜು ಹುಟ್ಟಿಸುತ್ತದೆ. ದೂರದ ಕೋಣೆಯ ತಡೆ ಅದನ್ನು ಹಿಡಿಯಲಾರದು. ಹರಳಿನ ಪಕ್ಕದಲ್ಲೇ ಆ ವಿದ್ಯುದಾವೇಶ ಸೋರಿಹೋಗಲು ರೆಸಿಸ್ಟರು ಕೂರಿಸಬೇಕು. ಅದೂ ಒಂದಲ್ಲ: ಅತ್ಯಂತ ಅಪಾಯದ ವಲಯದಲ್ಲಿ ಎರಡು ದೋಷಗಳು ಒಟ್ಟಿಗೆ ಬಂದರೂ ಉಪಕರಣ ಸುರಕ್ಷಿತವಾಗಿರಬೇಕು.

ಕೊನೆಗೆ ಮಾಪಕದ ಪ್ಲಾಸ್ಟಿಕ್ ಮುಚ್ಚಳ. ಒಣ ಬಟ್ಟೆಯಿಂದ ಉಜ್ಜಿದರೆ ಅದರ ಮೇಲೆ ಸ್ಥಾಯೀ ವಿದ್ಯುತ್ತು ಸೇರುತ್ತದೆ. ಒದ್ದೆ ಬಟ್ಟೆಯಿಂದ ಮಾತ್ರ ಒರೆಸಿ ಎಂದು ಅಲ್ಲಿ ಬರೆದಿರುವುದು ಅದಕ್ಕಾಗಿಯೇ.

ನಮಸ್ಕಾರ.